ಮೊದಲ ಮಣೆ ಯಾರಿಗೆ?

ಲೋಕದ ಸಾಹಿತಿಗಳನ್ನು ಸಾಲಾಗಿ ಕೂರಿಸಿ, ಮೊದಲ ಮಣೆ ಯಾರಿಗೆಂದು ನಿರ್ಣಯಿಸುವ ಚಪಲ ಎಲ್ಲ ದೇಶದವರಿಗೂ ಉಂಟು. 1901ರಲ್ಲಿ ಮೊತ್ತಮೊದಲ ನೊಬೆಲ್ ಸಾಹಿತ್ಯ ಪಾರಿತೋಷಕವು ಸಂದದ್ದು ಫ್ರಾನ್ಸಿನ ಸುಲಿ ಪ್ರುಡೋಮ್ ಎಂಬ ಕವಿಗೆ. 1910ರವರೆಗೆ ಬದುಕಿದ್ದ ಟಾಲ್‌ಸ್ಟಾಯ್ ಅದನ್ನು ಕಾಣಲೇ ಇಲ್ಲ. ಇಂದು ಜನ ಹುಡುಕಿ ಓದುವುದು ಇವರಲ್ಲಿ ಯಾರನ್ನು?

ಅಷ್ಟು ದೂರವೇಕೆ? ಮಂಡ್ಯದ ಸೀಮೆಯನ್ನೇ ನೋಡಬಹುದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರಿಗೆ 1966ರಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರಿಗೆ 1977ರಲ್ಲಿ, ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರಿಗೆ 1979ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರಿಗೆ ಅದು ದೊರೆಯಲಿಲ್ಲ. ಅವರು 1946ರಲ್ಲಿ ತೀರಿಕೊಂಡರು. ಅಕಾಡೆಮಿ ಹುಟ್ಟಿದ್ದು 1954ರಲ್ಲಿ. ಪ್ರಶಸ್ತಿಯೇ ಅಳತೆಗೋಲಾದರೆ, ‘ಇಂಗ್ಲಿಷ್ ಗೀತಗಳು’ ರಚಿಸಿ ಹೊಸಗನ್ನಡ ಕವಿತೆಗೆ ದಾರಿ ತೆರೆದವರೇ ಪಂಕ್ತಿಯಿಂದ ಹೊರಗುಳಿಯುವರು! ಶ್ರೀರಂಗಪಟ್ಟಣದ ಅರಮನೆಯಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಸಂಚಿಯ ಊಳಿಗ ಮಾಡುತ್ತಲೇ ‘ಹದಿಬದೆಯ ಧರ್ಮ’ವನ್ನು ಬರೆದ ಹೊನ್ನಮ್ಮನಿಗೆ ಯಾವ ಮಣೆ?

ಹೊಸದಾಗಿ ಮದುವೆಯಾದವರಿಗೆ 1942ರ ‘ಮೈಸೂರ ಮಲ್ಲಿಗೆ’ಯೇ ಮೊದಲು. ದೇವರಿರುವನೇ ಎಂಬ ಸಂಶಯ ಕಾಡಿದವರಿಗೆ ಮೂರ್ತಿರಾಯರ ‘ದೇವರು’ ಮೊದಲು. ಅಗಲಿಕೆಯ ನೋವು ತಿಳಿದವರಿಗೆ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ಮೊದಲು. ಒಬ್ಬನೇ ಓದುಗನು ಮೂರು ವಯಸ್ಸಿನಲ್ಲಿ ಮೂವರಿಗೂ ಮೊದಲ ಮಣೆ ಹಾಕಬಲ್ಲನು. ಪಟ್ಟಿಯನ್ನು ನಂಬಿ ಪುಸ್ತಕವನ್ನು ತೆರೆಯದೆ ಬಿಟ್ಟವನಿಗೆ ಮಾತ್ರ ಆ ಭಾಗ್ಯವಿಲ್ಲ.