ತಪ್ಪಿಸಿದ ಭೇಟಿಗೆ ಮತ್ತೊಂದು ಭೇಟಿಯೇ ಪರಿಹಾರ

ಬೇರೆಯಾದ ತಂದೆ ತಾಯಿ ಮಗುವನ್ನು ಯಾವ ದಿನ, ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದು ಕೋರ್ಟು ಆದೇಶ ಮಾಡುತ್ತದೆ. ಆದರೆ ಭೇಟಿ ತಪ್ಪಿಸಲು ನೆಪಗಳಿಗೆ ಬರವಿಲ್ಲ: ಮೊದಲ ಶನಿವಾರ ಮಗುವಿಗೆ ಜ್ವರ, ಎರಡನೆಯದಕ್ಕೆ ಪರೀಕ್ಷೆ, ಮೂರನೆಯದಕ್ಕೆ ಫೋನ್ ಸ್ವಿಚ್ ಆಫ್. ಬೇಸಿಗೆ ರಜೆಗೆ ಕರೆದೊಯ್ದವರು ಹೇಳಿದ ದಿನಕ್ಕೆ ಹಿಂದಕ್ಕೆ ಕಳಿಸದಿರುವುದೂ ಇದೇ ಜಾತಿಯ ತಪ್ಪು. ಇದಕ್ಕೆ ಕಾನೂನಿನಲ್ಲಿ ಏನಿದೆ? 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 45ನೇ ಕಲಮಿನ ಪ್ರಕಾರ, ಕೋರ್ಟು ಹೇಳಿದರೂ ಮಗುವನ್ನು ಹಾಜರುಪಡಿಸದವರಿಗೆ 100 ರೂಪಾಯಿವರೆಗೆ ದಂಡ. ಹಟ ಮುಂದುವರಿದರೆ ದಿನಕ್ಕೆ 10 ರೂಪಾಯಿ, ಒಟ್ಟು 500 ದಾಟುವಂತಿಲ್ಲ. ಅದಕ್ಕೂ ಬಗ್ಗದಿದ್ದರೆ ಸಿವಿಲ್ ಜೈಲು. ನ್ಯಾಯಾಂಗ ನಿಂದನೆಯ ದಾರಿ ಹಿಡಿದರೆ ಆರು ತಿಂಗಳವರೆಗೆ ಸಜೆ. ಒಂದು ತುದಿಯಲ್ಲಿ ಯಾರೂ ಹೆದರದ ದಂಡ, ಇನ್ನೊಂದು ತುದಿಯಲ್ಲಿ ಯಾವ ನ್ಯಾಯಾಧೀಶರೂ ಸುಲಭವಾಗಿ ಕೈಹಾಕದ ಜೈಲು. ಮಗುವನ್ನು ಸಾಕುತ್ತಿರುವ ತಾಯಿಯನ್ನೋ ತಂದೆಯನ್ನೋ ಒಳಗೆ ಹಾಕಿದರೆ ಆ ರಾತ್ರಿ ಮಗು ಎಲ್ಲಿ ಮಲಗಬೇಕು? ಹೀಗೆ ಹಿಂಜರಿಯುತ್ತಲೇ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ದೊಡ್ಡವರಿಗೆ ಅದು ಮೂರು ತಿಂಗಳು. ಎರಡು ವರ್ಷದ ಮಗುವಿಗೆ ಮುಖವೊಂದು ಮರೆತುಹೋಗುವಷ್ಟು ಕಾಲ.

ಮಕ್ಕಳಿಗೆ ತಂದೆ ತಾಯಿ ಇಬ್ಬರ ಪ್ರೀತಿಯೂ ಬೇಕು, ಅದು ಅವರ ಮೂಲಭೂತ ಮಾನವ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ದೂರವಿರುವವರು ಮಗುವಿನೊಂದಿಗೆ ಫೋನಿನಲ್ಲಿ, ವಿಡಿಯೊ ಕರೆಯಲ್ಲಿ ಮಾತಾಡುವ ಹಕ್ಕನ್ನೂ ಒತ್ತಿ ಹೇಳಿತು. ಕರ್ನಾಟಕ ಹೈಕೋರ್ಟ್ 2013ರಲ್ಲೇ ಹನ್ನೆರಡು ವರ್ಷದ ಮಗುವನ್ನು ವರ್ಷದಲ್ಲಿ ಆರಾರು ತಿಂಗಳು ಇಬ್ಬರ ಬಳಿಯೂ ಇರಿಸಿತ್ತು. ಹಕ್ಕು ಮಗುವಿನದೆಂದು ಒಪ್ಪಿದ ಮೇಲೆ ಆದೇಶ ಮುರಿದಾಗ ಸಿಗುವ ಪರಿಹಾರವೂ ಮಗುವಿಗೇ ತಲುಪಬೇಕು. ಕಳೆದುಹೋದದ್ದು ಎರಡು ಗಂಟೆಯಾದರೆ ಮುಂದಿನ ವಾರ ನಾಲ್ಕು ಗಂಟೆ ಕೊಡಿಸಿ. ಆಸ್ಟ್ರೇಲಿಯಾದ ಕೌಟುಂಬಿಕ ಕಾನೂನಿನಲ್ಲಿ ಹೀಗೆ ತಪ್ಪಿದ ಸಮಯ ತುಂಬಿಕೊಡುವ ಆದೇಶಕ್ಕೆ ಅವಕಾಶವಿದೆ. ಇಂಗ್ಲೆಂಡಿನಲ್ಲಿ ಮತ್ತೆ ಮತ್ತೆ ಮುರಿದವರಿಂದ ಕೂಲಿಯಿಲ್ಲದ ಸಮುದಾಯ ಕೆಲಸ ಮಾಡಿಸಬಹುದು. ನೂರು ರೂಪಾಯಿಗೂ ಜೈಲಿಗೂ ನಡುವೆ ಇಂಥ ಮೆಟ್ಟಿಲುಗಳು ನಮಗೂ ಬೇಕು.

ಜೀವನಾಂಶವನ್ನೇ ಕೊಡದವನಿಗೆ ಮಗುವನ್ನು ಏಕೆ ತೋರಿಸಬೇಕೆಂದು ಕೇಳುವವರಿದ್ದಾರೆ. ಆ ಸಿಟ್ಟು ನ್ಯಾಯವಾದದ್ದೇ, ಬಾಕಿ ವಸೂಲಿಗೆ ಕಾನೂನಿನಲ್ಲಿ ಬೇರೆ ದಾರಿಯೂ ಇದೆ. ಸಾಲಕ್ಕೆ ಮಗುವನ್ನು ಒತ್ತೆಯಿಡಲಾಗದು. ಹೊಡೆಯುವವನ ಕೈಗೆ ಮಗುವನ್ನು ಕೊಡುವುದು ಹೇಗೆ ಎಂಬ ಪ್ರಶ್ನೆ ಇದಕ್ಕಿಂತ ಗಂಭೀರ. ಕೊಡಬಾರದು. ಭೇಟಿಯಿಂದ ಮಗುವಿಗೆ ಹಾನಿಯೆಂದು ಕಂಡರೆ ಮ್ಯಾಜಿಸ್ಟ್ರೇಟರು ಅದನ್ನು ನಿರಾಕರಿಸಲೇಬೇಕೆಂದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಕಲಮು ಹೇಳುತ್ತದೆ. ಭಯವಿದ್ದವರು ಕೂಡಲೇ ಅರ್ಜಿ ಹಾಕಬೇಕು, ಕೋರ್ಟೂ ಅದನ್ನು ಕೂಡಲೇ ಕೇಳಬೇಕು. ಮಗುವೇ ಒಲ್ಲೆ ಎನ್ನುತ್ತಿದ್ದರೆ ಬುದ್ಧಿ ಬಲಿತ ಮಗುವಿನ ಇಷ್ಟವನ್ನು ಕೇಳಲು 1890ರ ಕಾಯ್ದೆಯೇ ಅವಕಾಶ ಕೊಟ್ಟಿದೆ. ಆದೇಶ ತಪ್ಪಾಗಿದ್ದರೆ ತಿದ್ದಿಸಿಕೊಳ್ಳಲಿ, ಮನೆಯಲ್ಲೇ ಕೂತು ರದ್ದು ಮಾಡುವುದು ಬೇಡ.

ಎಲ್ಲ ಉಲ್ಲಂಘನೆಯೂ ಹಟದಿಂದ ಆದದ್ದೆಂದು ನಾನು ನಂಬುವುದಿಲ್ಲ. ಕೆ.ಆರ್. ಪೇಟೆಯ ಹಳ್ಳಿಯೊಂದರಿಂದ ಮಗುವನ್ನು ಎತ್ತಿಕೊಂಡು ಎರಡು ಗಂಟೆಯ ಭೇಟಿಗಾಗಿ ಜಿಲ್ಲಾ ಕೇಂದ್ರವಾದ ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗಿಬರಬೇಕಾದ ಹೆಂಗಸಿಗೆ ಒಂದು ದಿನದ ಕೂಲಿ ಹೋಗುತ್ತದೆ. ಇದೇ ಜಿಲ್ಲೆಯ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ನಾಲ್ಕೂ ಕಡೆ ಕೋರ್ಟುಗಳಿವೆ, ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಆ ಆವರಣದಲ್ಲೇ ಮಕ್ಕಳು ಆಡಬಹುದಾದ ಒಂದು ಕೋಣೆ, ಬಂದವರ ಬಾರದವರ ಹೆಸರು ಬರೆದಿಡುವ ಒಂದು ಪುಸ್ತಕ ಇದ್ದರೆ ಯಾರು ತಪ್ಪಿಸಿದರು, ಎಷ್ಟು ಸಲ ತಪ್ಪಿಸಿದರು ಎಂಬ ವಾದಕ್ಕೇ ಅರ್ಧ ವರ್ಷ ಕಳೆಯಬೇಕಿಲ್ಲ. ಎರಡನೇ ಸಲ ಗೈರಾದ ವಾರವೇ ಆ ಪುಟ ನ್ಯಾಯಾಧೀಶರ ಮೇಜಿಗೆ ಹೋಗಲಿ.