ಆಕಾಶ ಎಲ್ಲರದು, ಅದರ ಅರಿವೂ ಎಲ್ಲರದಾಗಲಿ

೨೦೨೫ರ ಸೆಪ್ಟೆಂಬರ್ ೭ರ ರಾತ್ರಿ ೧೧ ಗಂಟೆಯಿಂದ ೮೨ ನಿಮಿಷಗಳ ಕಾಲ ಚಂದ್ರನು ಸಂಪೂರ್ಣವಾಗಿ ಭೂಮಿಯ ನೆರಳಿನೊಳಗಿದ್ದನು. ದೇಶದ ಉದ್ದಗಲಕ್ಕೂ ಕಾಣಬಹುದಾಗಿದ್ದ ಗ್ರಹಣವದು. ಮೋಡ ದಾರಿ ಬಿಟ್ಟ ಕಡೆಗಳಲ್ಲಿ, ಎರಡನೆಯ ಪಾಳಿ ಮುಗಿಸಿ ಗಿರಣಿಯ ಗೇಟಿನಿಂದ ಹೊರಬಿದ್ದ ಕಾರ್ಮಿಕನಿಗೂ, ದಿನದ ಲೆಕ್ಕ ಬರೆದು ಅಂಗಡಿಯ ಬಾಗಿಲೆಳೆದ ವ್ಯಾಪಾರಿಗೂ ತಾಮ್ರದ ತಟ್ಟೆಯಂತೆ ಕೆಂಪಾದ ಚಂದ್ರ ಕಂಡಿರಬೇಕು. ಆದರೆ ಎಷ್ಟು ಮನೆಗಳಲ್ಲಿ ಮಕ್ಕಳನ್ನೆಬ್ಬಿಸಿ ಅಂಗಳಕ್ಕೆ ಕರೆತಂದು ಅದನ್ನು ತೋರಿಸಿದರು? ಯಾವ ರಾಶಿಗೆ ಕೇಡು, ಯಾವ ರಾಶಿಗೆ ಲಾಭ ಎಂಬ ಪಟ್ಟಿಗೇನೂ ಕೊರತೆಯಿರಲಿಲ್ಲ. ಚಂದ್ರ ಕೆಂಪಾಗುವುದೇಕೆ ಎಂದು ಕೇಳಿದ ಹುಡುಗನಿಗೆ ಉತ್ತರ ಹೇಳುವವರಿಗೆ ಮಾತ್ರ ಕೊರತೆಯಿತ್ತು.

ಉತ್ತರವೇನೋ ಸರಳವಾದುದೇ. ಭೂಮಿಯು ಸೂರ್ಯನ ಬೆಳಕಿಗೆ ಅಡ್ಡ ನಿಂತಾಗಲೂ, ಭೂಮಿಯ ಸುತ್ತಲಿನ ವಾಯುಮಂಡಲದ ಅಂಚಿನಿಂದ ಸ್ವಲ್ಪ ಬೆಳಕು ಬಾಗಿ ನೆರಳಿನೊಳಕ್ಕೆ ನುಸುಳುತ್ತದೆ. ಹಾದಿಯಲ್ಲಿ ಅದರ ನೀಲಿಯ ಅಂಶ ಚೆದರಿಹೋಗಿ ಕೆಂಪು ಮಾತ್ರ ಚಂದ್ರನನ್ನು ಮುಟ್ಟುತ್ತದೆ. ಸಂಜೆಯ ಸೂರ್ಯ ಕೆಂಪಾಗುವುದಕ್ಕೂ ಇದೇ ಕಾರಣ. ಹಿರಿಯರ ಆಚಾರವನ್ನು ಹಂಗಿಸುವುದು ನಮ್ಮ ಉದ್ದೇಶವಲ್ಲ. ಸ್ನಾನ ಮಾಡುವವರು ಮಾಡಲಿ, ಜಪ ಮಾಡುವವರು ಮಾಡಲಿ. ಆದರೆ ಹತ್ತು ವರ್ಷದ ಮಗುವಿಗೆ ಭಯವನ್ನು ಕೊಟ್ಟು ಕಾರಣವನ್ನು ಮರೆಮಾಡುವುದು ಆ ಮಗುವಿಗೆ ಮಾಡುವ ಅನ್ಯಾಯವೆಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ.

ಖಗೋಳಶಾಸ್ತ್ರವೆಂದರೆ ಓದಿದವರ, ಹಣವಂತರ ವಿನೋದ, ದುಡಿಯುವವರಿಗೆ ಅದರಿಂದೇನು ಎಂದು ಕೆಲವರು ಮೂಗು ಮುರಿಯಬಹುದು. ಅಂಥವರು ನಮ್ಮ ರೈತನನ್ನೂ ಕಾಳಿನ ಮಂಡಿಯ ವರ್ತಕನನ್ನೂ ಕೇಳಲಿ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಎಂದು ಇವರು ಬೆರಳು ಮಡಿಸಿ ಎಣಿಸುವುದು ನಕ್ಷತ್ರಗಳನ್ನೇ ಅಲ್ಲವೆ? ಸೂರ್ಯನು ವರ್ಷದಲ್ಲಿ ೨೭ ನಕ್ಷತ್ರಗಳನ್ನು ದಾಟುವಂತೆ ತೋರುವುದರಿಂದ ಒಂದೊಂದರ ಪಾಲಿಗೆ ಹದಿಮೂರು ಹದಿನಾಲ್ಕು ದಿನ ಬರುತ್ತವೆ. ಜೂನ್ ಕೊನೆಯ ವಾರದಲ್ಲಿ ಸೂರ್ಯ ಆರ್ದ್ರೆಯ ಬಳಿ ಇರುತ್ತಾನೆ. ಆದಕಾರಣ ಆರಿದ್ರಾ ಮಳೆ ಸುರಿಯುವ ದಿನಗಳಲ್ಲಿ ಆರ್ದ್ರಾ ನಕ್ಷತ್ರ ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ಆರು ತಿಂಗಳು ಕಳೆದು, ಡಿಸೆಂಬರ್ ಕೊನೆಯ ಇರುಳಿನಲ್ಲಿ ಪೂರ್ವಕ್ಕೆ ನೋಡಿದರೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಕಾಣುತ್ತವೆ. ಅವುಗಳ ಉತ್ತರಕ್ಕೆ ಕೆಂಪಗೆ ಹೊಳೆಯುವುದೇ ಆರ್ದ್ರೆ. ಮಾರ್ಗಶಿರ ಮಾಸಕ್ಕೆ ಆ ಹೆಸರು ಬಂದುದೂ ಆ ತಿಂಗಳ ಹುಣ್ಣಿಮೆಯ ಚಂದ್ರ ಮೃಗಶಿರೆಯ ನೆರೆಯಲ್ಲಿ ಇರುವುದರಿಂದಲೇ. ಹೆಸರು ನಮ್ಮ ನಾಲಗೆಯ ಮೇಲಿದೆ. ನಕ್ಷತ್ರ ಮಾತ್ರ ನಮ್ಮ ಮಕ್ಕಳ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ಕಡೆ, ಆಕಾಶವಿಜ್ಞಾನದ ದೊಡ್ಡ ದೊಡ್ಡ ಕೆಲಸಗಳು ನಡೆಯುತ್ತಿರುವುದು ನಮ್ಮ ರಾಜ್ಯದಲ್ಲಿಯೇ. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ಅದನ್ನು ನಿಯಂತ್ರಿಸುತ್ತಿದ್ದವರು ಬೆಂಗಳೂರಿನಲ್ಲಿದ್ದರು. ಭೂಮಿಯಿಂದ ೧೫ ಲಕ್ಷ ಕಿಲೊಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುವ ಆದಿತ್ಯ-ಎಲ್೧ ನೌಕೆ ೨೦೨೪ರ ಜನವರಿ ೬ರಂದು ತನ್ನ ನೆಲೆ ಸೇರಿತು. ಅದರ ಮುಖ್ಯ ಉಪಕರಣವನ್ನು ನಿರ್ಮಿಸಿದ್ದು ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೪,೫೦೦ ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಅಗಲದ ಕನ್ನಡಿಯುಳ್ಳ ದೂರದರ್ಶಕವಿದೆ. ಅದನ್ನು ಉಪಗ್ರಹದ ಮೂಲಕ ನಡೆಸುವುದು ಹೊಸಕೋಟೆಯಿಂದ. ಲಡಾಖಿನ ಆಕಾಶ ಹೊಸಕೋಟೆಗೆ ಬರಬಹುದಾದರೆ, ಹೊಸಕೋಟೆಯ ವಿದ್ಯೆ ನಮ್ಮ ತಾಲ್ಲೂಕಿನ ಶಾಲೆಗಳಿಗೇಕೆ ಬರಬಾರದು? ಈ ಕೆಲಸಗಳೆಲ್ಲ ನಡೆಯುತ್ತಿರುವುದು ಸಾರ್ವಜನಿಕರ ಹಣದಿಂದ. ಬೆಂಕಿಪೆಟ್ಟಿಗೆ ಕೊಳ್ಳುವ ಕೂಲಿಯೂ ಅದಕ್ಕೆ ತನ್ನ ಪಾಲಿನ ತೆರಿಗೆ ತೆತ್ತಿದ್ದಾನೆ.

ವಿದ್ಯೆ ತಲಪದ ಕಡೆಗೆ ಸುಳ್ಳು ಬೇಗ ತಲಪುತ್ತದೆ. ೨೦೨೫ರ ಜುಲೈ ೧ರಂದು ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಒಂದು ಧೂಮಕೇತು ಕಂಡಿತು. ಅದು ನಮ್ಮ ಸೌರವ್ಯೂಹದ್ದಲ್ಲ, ಬೇರೆ ನಕ್ಷತ್ರದ ಕಡೆಯಿಂದ ಬಂದದ್ದು. ೨೦೧೭ ಮತ್ತು ೨೦೧೯ರ ಬಳಿಕ ಇಂಥದು ಕಂಡದ್ದು ಅದು ಮೂರನೆಯ ಸಲ. ಎಂಥ ಅಪೂರ್ವ ಸುದ್ದಿ! ಆದರೆ ಮೊಬೈಲುಗಳಲ್ಲಿ ಹರಿದಾಡಿದ್ದು ಬೇರೆಯೇ: ಅದು ಅನ್ಯಲೋಕದವರ ಹಡಗು, ಭೂಮಿಗೆ ಗಂಡಾಂತರ ಎಂಬ ಪುಕಾರು. ಆ ಧೂಮಕೇತು ಭೂಮಿಗೆ ಅತಿ ಸಮೀಪ ಬಂದಾಗಲೂ ಸುಮಾರು ೨೭ ಕೋಟಿ ಕಿಲೊಮೀಟರ್ ದೂರದಲ್ಲಿತ್ತು. ಸೂರ್ಯನೇ ನಮ್ಮಿಂದ ಇರುವುದು ೧೫ ಕೋಟಿ ಕಿಲೊಮೀಟರ್ ದೂರದಲ್ಲಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಲ್ಲ ಹುಡುಗಿಯನ್ನು ಯಾವ ಪುಕಾರೂ ಹೆದರಿಸಲಾರದು. ತಕ್ಕಡಿ ಹಿಡಿದ ವ್ಯಾಪಾರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ತೂಕ ಅರಿತವನಿಗೆ ಮೋಸ ಮಾಡುವುದು ಕಷ್ಟ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗದು ಎಂಬ ನೆವವೂ ನಿಲ್ಲುವುದಿಲ್ಲ. ಮದ್ರಾಸು ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು, ೧೮೭೪ರ ಡಿಸೆಂಬರ್ ೯ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ಜನರಿಗೆ ತಿಳಿಸಲು ಪುಸ್ತಿಕೆ ಬರೆದರು. ಅದು ಕನ್ನಡದಲ್ಲಿಯೂ ಅಚ್ಚಾಯಿತು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಆಮೇಲೆ ಆರ್. ಎಲ್. ನರಸಿಂಹಯ್ಯನವರು, ಶಿವರಾಮ ಕಾರಂತರು, ಜಿ. ಟಿ. ನಾರಾಯಣರಾಯರು ವಿಜ್ಞಾನವನ್ನು ತಿಳಿಗನ್ನಡದಲ್ಲಿ ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಕ್ಕಳಿಗಾಗಿಯೇ ಹುಟ್ಟಿದ ಪತ್ರಿಕೆ. ನುಡಿಗೆ ಶಕ್ತಿ ಇದೆ. ಕೊರತೆ ಇರುವುದು ಈ ಪುಸ್ತಕಗಳನ್ನು ವಾಚನಾಲಯದ ಕಪಾಟಿಗೆ ತಂದಿಡುವ ಮನಸ್ಸಿಗೆ.

ಕಲಿಯಬಯಸುವ ವಿದ್ಯಾರ್ಥಿಗೆ ದಾರಿಗಳಿವೆ. ಬೆಂಗಳೂರಿನಲ್ಲಿ ೧೯೮೯ರಿಂದ ಜವಾಹರಲಾಲ್ ನೆಹರೂ ತಾರಾಲಯವಿದೆ. ಮಂಗಳೂರಿನ ಪಿಲಿಕುಳದಲ್ಲಿ ೨೦೧೮ರಲ್ಲಿ ಇನ್ನೊಂದು ತಾರಾಲಯ ತೆರೆಯಿತು. ಧಾರವಾಡ ಮತ್ತು ಕಲಬುರಗಿಗಳಲ್ಲಿ ವಿಜ್ಞಾನ ಕೇಂದ್ರಗಳಿವೆ. ಯಾವ ಊರಿನ ಮೇಲೆ ಯಾವ ಹೊತ್ತಿಗೆ ಯಾವ ನಕ್ಷತ್ರವಿದೆ ಎಂದು ತೋರಿಸುವ ಸ್ಟೆಲೇರಿಯಂ ಎಂಬ ತಂತ್ರಾಂಶವನ್ನು ಗಣಕಯಂತ್ರಕ್ಕೆ ಕಾಸು ಕೊಡದೆ ಹಾಕಿಕೊಳ್ಳಬಹುದು. ೨೦೨೫ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಅಂತರರಾಷ್ಟ್ರೀಯ ಖಗೋಳ ಒಲಿಂಪಿಯಾಡ್ ನಡೆದಾಗ ೬೦ಕ್ಕೂ ಹೆಚ್ಚು ದೇಶಗಳ ವಿದ್ಯಾರ್ಥಿಗಳು ಬಂದಿದ್ದರು. ಆ ಸ್ಪರ್ಧೆಗೆ ನಮ್ಮ ದೇಶದ ತಂಡವನ್ನು ಆರಿಸುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಿಂದ ಹಿಂದಿನ ಪ್ರಶ್ನೆಪತ್ರಿಕೆಗಳು ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಆದರೆ ಇಂಥ ಸ್ಪರ್ಧೆಯೊಂದಿದೆ ಎಂದು ಗಿರಣಿ ಕೇರಿಯ ಶಾಲೆಯಲ್ಲಿ ಯಾರು ಹೇಳಬೇಕು?

ಇದಕ್ಕಾಗಿ ನಾವು ಮೂರು ಬೇಡಿಕೆಗಳನ್ನು ಮುಂದಿಡುತ್ತೇವೆ. ಒಂದು, ಪ್ರತಿ ತಾಲ್ಲೂಕು ಕೇಂದ್ರದಲ್ಲಿ ತಿಂಗಳಿಗೊಂದು ಇರುಳು ಸರ್ಕಾರಿ ಶಾಲೆಯ ಮೈದಾನದಲ್ಲಿ ಆಕಾಶ ತೋರಿಸುವ ಏರ್ಪಾಡು ಆಗಬೇಕು. ದೂರದರ್ಶಕವನ್ನು ಕೊಟ್ಟರಷ್ಟೇ ಸಾಲದು. ಬೀರುವಿನಲ್ಲಿ ಬೀಗ ಹಾಕಿಟ್ಟ ದೂರದರ್ಶಕ ಯಾರಿಗೂ ಶನಿಯ ಉಂಗುರವನ್ನು ತೋರಿಸಲಾರದು. ಅದನ್ನು ನಡೆಸಬಲ್ಲ ಶಿಕ್ಷಕರಿಗೆ ತರಬೇತಿಯೂ ರಾತ್ರಿಯ ಕೆಲಸಕ್ಕೆ ಭತ್ಯೆಯೂ ಸಿಗಬೇಕು. ಎರಡು, ಸಾರ್ವಜನಿಕ ಗ್ರಂಥಾಲಯಗಳು ಕನ್ನಡದ ಖಗೋಳ ಪುಸ್ತಕಗಳನ್ನು ತರಿಸಿ ಮಕ್ಕಳ ಕೈಗೆಟಕುವಂತೆ ಇಡಬೇಕು. ಮೂರು, ಜಿಲ್ಲೆಯ ಬಡ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ತಾರಾಲಯಕ್ಕೆ ಕರೆದೊಯ್ಯುವ ಬಸ್ಸಿನ ಖರ್ಚನ್ನು ಶಿಕ್ಷಣ ಇಲಾಖೆ ವಹಿಸಬೇಕು.

ಸರ್ಕಾರ ಮಾಡುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ೧೯೮೦ರ ಫೆಬ್ರವರಿ ೧೬ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲ, ಹುಬ್ಬಳ್ಳಿ, ರಾಯಚೂರು ಸೀಮೆಯ ಮೇಲೆ ಹಾದುಹೋಯಿತು. ವಿಜ್ಞಾನಿಗಳು ಉಪಕರಣ ಹೊತ್ತು ಇಲ್ಲಿಗೆ ಬಂದರು. ನಮ್ಮ ಜನರಲ್ಲಿ ಬಹುಮಂದಿ ಕದವಿಕ್ಕಿಕೊಂಡು ಒಳಗುಳಿದರು. ಮನೆಯ ಮೇಲೆಯೇ ಬಂದ ಅವಕಾಶ ಹಾಗೆ ಕೈಬಿಟ್ಟಿತು. ಭಾರತದ ನೆಲದಲ್ಲಿ ಇನ್ನು ಪೂರ್ಣ ಸೂರ್ಯಗ್ರಹಣ ಕಾಣುವುದು ೨೦೩೪ರ ಮಾರ್ಚ್ ೨೦ರಂದು, ಅದೂ ಕಾಶ್ಮೀರ, ಲಡಾಖಿನ ಕಡೆ. ಆದರೆ ೨೦೨೭ರ ಆಗಸ್ಟ್ ೨ರ ಸಂಜೆ ನಮ್ಮ ರಾಜ್ಯಕ್ಕೂ ಭಾಗಶಃ ಗ್ರಹಣವಿದೆ. ಆ ದಿನಕ್ಕೆ ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಕೂಡಿ ಸಿದ್ಧತೆ ನಡೆಸಬಹುದು. ಬರಿಗಣ್ಣಿನಿಂದ ಸೂರ್ಯನನ್ನು ನೋಡಲೇಬಾರದು. ಮಸಿ ಹಿಡಿಸಿದ ಗಾಜೂ ಎಕ್ಸ್‌ರೇ ಹಾಳೆಯೂ ಕಣ್ಣನ್ನು ಕಾಯಲಾರವು. ಗ್ರಹಣಕ್ಕೆಂದೇ ತಯಾರಾದ ಕನ್ನಡಕ ಬೇಕು, ಇಲ್ಲವೆ ವೆಲ್ಡಿಂಗ್ ಕಾರ್ಮಿಕರು ಬಲ್ಲ ೧೪ನೇ ನಂಬರಿನ ಗಾಜು ಬೇಕು. ಅದೂ ಇಲ್ಲದಿದ್ದರೆ ರಟ್ಟಿಗೊಂದು ಸೂಜಿಯಷ್ಟು ತೂತು ಕೊರೆದು, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಗೋಡೆಯ ಮೇಲೆ ಬೀಳುವ ಬಿಂಬವನ್ನು ನೋಡಿದರಾಯಿತು. ಅದಕ್ಕೆ ನಾಲ್ಕಾಣೆಯ ಖರ್ಚೂ ಇಲ್ಲ.

ಗಿರಣಿಗೆ ಒಡೆಯರಿದ್ದಾರೆ, ಗೋದಾಮಿಗೆ ಬೀಗವಿದೆ, ನೆಲಕ್ಕೆ ಬೇಲಿಯಿದೆ. ಆಕಾಶಕ್ಕೆ ಇನ್ನೂ ಯಾರೂ ಬೇಲಿ ಹಾಕಿಲ್ಲ. ಆದರೆ ಅರಿವಿಗೆ ಬೇಲಿ ಬಿದ್ದರೆ ತೆರೆದ ಆಕಾಶವೂ ಇದ್ದೂ ಇಲ್ಲದಂತೆ. ಆ ಬೇಲಿಯನ್ನು ಕೀಳುವ ಕೆಲಸ ಸರ್ಕಾರದ್ದೂ ಹೌದು, ನಮ್ಮೆಲ್ಲರದೂ ಹೌದು.