ಕಳೆದುಹೋದ ಹೆಸರನ್ನು ಅರಸುವಾಗ

ನಮ್ಮ ಅನೇಕ ಮನೆಗಳಲ್ಲಿ ವಂಶಾವಳಿಯು ಅಜ್ಜನ ತಂದೆಯ ಹೆಸರಿಗೆ ಬಂದು ನಿಂತುಬಿಡುತ್ತದೆ. ಒಂದೇ ಹೆಸರನ್ನು ಒಂದೇ ರೂಪದಲ್ಲಿ ಹುಡುಕುತ್ತಿರುವುದರಿಂದಲೇ ಎಷ್ಟೋ ಸಲ ದಾರಿ ಮುಗಿದಂತೆ ಕಾಣುತ್ತದೆ. ನಿಕಾಹ್‌ನಾಮದ ‘ಅಬ್ದುಲ್ ಖಾದರ್’ ಕಂದಾಯದ ದಾಖಲೆಯಲ್ಲಿ ‘ಕಾದರ್ ಸಾಬ್’ ಆಗಿರಬಹುದು. ಗೋರಿಕಲ್ಲಿನ ಹಿಜರಿ 1318 ಎಂದರೆ ಕ್ರಿ.ಶ. 1900–01, ಇದನ್ನರಿಯದೆ ಬೇರೆ ವರ್ಷದ ಕಡತಗಳನ್ನು ತಿರುವಿದರೆ ಫಲವಿಲ್ಲ.

ಪುರುಷರ ಹೆಸರು ಕೈಕೊಟ್ಟಲ್ಲಿ ಸ್ತ್ರೀಯರ ಹೆಸರು ದಾರಿ ತೋರುತ್ತದೆ. ನಿಕಾಹ್‌ನಾಮದಲ್ಲಿ ವಧುವಿನ ತಂದೆಯ ಹೆಸರೂ ಇರುತ್ತದೆ. ಪವಿತ್ರ ಕುರ್‌ಆನ್ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲನ್ನು ನಿಗದಿಪಡಿಸಿದೆ. ಆದ್ದರಿಂದ ಹಳೆಯ ವಿಭಾಗಪತ್ರಗಳಲ್ಲಿ ಸಹೋದರಿಯರ ಹೆಸರಿರಬೇಕು. ಇಲ್ಲವಾದರೆ, ಅವರ ಪಾಲು ಏನಾಯಿತೆಂಬ ಪ್ರಶ್ನೆಯನ್ನು ನಾವು ಎದುರಿಸಲೇಬೇಕು.

ವಂಶದ ಅರಿವು ಜಂಭಕ್ಕಲ್ಲ. ಕುಲ, ಗೋತ್ರಗಳಿರುವುದು ಪರಸ್ಪರ ಪರಿಚಯಕ್ಕೆ, ಹಿರಿಮೆಯು ತಖ್ವಾದಿಂದ ಮಾತ್ರ ಎಂಬುದು ಅಲ್‌ಹುಜುರಾತ್ ಅಧ್ಯಾಯದ ಬೋಧನೆ. ಸಿಕ್ಕಿದ ಪ್ರತಿಯೊಂದು ಹೆಸರೂ ದೂರವಾದ ಬಂಧುಗಳ ಮನೆಬಾಗಿಲಿಗೆ ಹೋಗಿ ಸಲಾಂ ಹೇಳಲು, ಮುರಿದ ಸಂಬಂಧವನ್ನು ಜೋಡಿಸಲು ನೆರವಾಗಲಿ.

ಕಾಗದಪತ್ರಗಳು ನಮಗಾಗಿ ಇನ್ನಷ್ಟು ಕಾಲ ಕಾಯಬಹುದು. ವಯಸ್ಸಾದ ಅಜ್ಜಿಯರ ನೆನಪು ಕಾಯದು. ಅವರು ಹೇಳುವುದನ್ನು ಇಂದೇ ಕೇಳಿ ಬರೆದಿಡೋಣ. ಅಗಲಿದವರಿಗಾಗಿ ಪ್ರಾರ್ಥಿಸೋಣ, ಹೆಸರು ಸಿಗದವರನ್ನೂ ಆ ಪ್ರಾರ್ಥನೆಯಲ್ಲಿ ಮರೆಯದಿರೋಣ. ಅವರೆಲ್ಲರನ್ನೂ ಅಲ್ಲಾಹನು ಚೆನ್ನಾಗಿ ಬಲ್ಲನು.